ಮೇಣದ ಬತ್ತಿಯ ಅಚ್ಚಿಗೆ ಲೋಹದ ಟೇಪು

ನಮ್ಮ ಶಾಲೆಯಲ್ಲಿ ಹೊಲಿಗೆ, ಕಸೂತಿ, ಅಡಿಗೆಗಳ ಸಂಗಡ ಮೇಣದ ಬತ್ತಿಗಳನ್ನು ಎರೆಯುವ ಕೈಕೆಲಸವನ್ನೂ ಕಲಿತು ಹೋದ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಅದನ್ನು ಮನೆಯ ಆದಾಯಕ್ಕೆ ಒಂದು ಆಧಾರವನ್ನಾಗಿ ಮಾಡಿಕೊಂಡಿರುವರು. ಇನ್ನು ಕೆಲವರು ಕ್ರಿಸ್ಮಸ್ ಕಾಲದಲ್ಲಿ ಮಾತ್ರ ಮಕ್ಕಳನ್ನು ಕೂಡಿಸಿಕೊಂಡು ಹತ್ತಿಪ್ಪತ್ತು ಬತ್ತಿಗಳನ್ನು ಎರೆದು ಮನೆಗೂ ದೇವಾಲಯಕ್ಕೂ ಉಪಯೋಗಿಸುವರು. ಇಬ್ಬರ ಬಾಯಿಂದಲೂ ಬರುವ ದೂರು ಬಹುಮಟ್ಟಿಗೆ ಒಂದೇ: ಅಚ್ಚು ಸೋರುತ್ತದೆ, "ಶಾಖವನ್ನು ತಡೆಯುವ ಲೋಹದ ಟೇಪು" ಎಂದು ಅಂಗಡಿಯಲ್ಲಿ ಕೇಳಿ ತಂದು ಅಂಟಿಸಿದರೂ ಅದು ಅರ್ಧ ಗಳಿಗೆಯೊಳಗೆ ಜಾರಿ ಬೀಳುತ್ತದೆ, ಹಾಗಾದರೆ ಯಾವ ಟೇಪನ್ನು ಕೊಳ್ಳಬೇಕು? ಪ್ರಶ್ನೆಯು ಚಿಕ್ಕದಾಗಿ ಕಾಣುವುದು. ಆದರೆ ಅದಕ್ಕೆ ಸರಿಯಾದ ಉತ್ತರವನ್ನು ಕೊಡುವುದಕ್ಕೆ ಮೇಣ, ಲೋಹ, ಅಂಟು ಈ ಮೂರರ ಸ್ವಭಾವವನ್ನೂ ಸ್ವಲ್ಪ ವಿಚಾರಿಸಬೇಕಾಗುವುದು.

ಸೋರುವಿಕೆಯಿಂದ ಆಗುವ ನಷ್ಟವು ಎಷ್ಟೆಂಬುದನ್ನು ಮೊದಲು ನೋಡೋಣ. ಎಂಟು ಸೆಂಟಿಮೀಟರ್ ಅಡ್ಡಗಲವೂ ಇಪ್ಪತ್ತು ಸೆಂಟಿಮೀಟರ್ ಎತ್ತರವೂ ಉಳ್ಳ ಒಂದು ದಪ್ಪನೆಯ ಬತ್ತಿಗೆ ಸುಮಾರು ಮುಕ್ಕಾಲು ಕಿಲೋಗ್ರಾಂ ಕರಗಿದ ಮೇಣ ಹಿಡಿಯುವುದು. ಅದು ಅಚ್ಚಿನ ಬುಡದಿಂದ ಹರಿದುಹೋದರೆ ಮೇಣವು ಪೂರ್ಣವಾಗಿ ಹಾಳಾಗದಿದ್ದರೂ, ಹಾಕಿದ ಬಣ್ಣ, ಸುಗಂಧ ತೈಲ, ಕೆಲಸದ ಹೊತ್ತು ಇವೆಲ್ಲವೂ ವ್ಯರ್ಥವಾಗುವವು. ಇದಕ್ಕಿಂತಲೂ ಹೆಚ್ಚಿನ ಸಂಗತಿಯೊಂದುಂಟು. ಅಚ್ಚಿಗೆ ಎರೆಯುವ ಮೇಣವು ಕುದಿಯುವ ನೀರಿಗೆ ಹತ್ತಿರದಷ್ಟು ಬಿಸಿಯಾಗಿರುವುದು; ನೀರಿನಂತೆ ಅದು ಚರ್ಮದಿಂದ ಜಾರಿಹೋಗದೆ ಅಲ್ಲಿಯೇ ಅಂಟಿಕೊಂಡು ಹೆಪ್ಪುಗಟ್ಟುವುದು. ಮೇಜಿನ ಅಂಚಿನಿಂದ ತೊಟ್ಟಿಕ್ಕಿದ ಮೇಣವು ಕೆಳಗೆ ನಿಂತ ಮಗುವಿನ ಪಾದದ ಮೇಲೆ ಬೀಳಬಹುದು, ಉರಿಯುವ ಒಲೆಯ ಕಡೆಗೂ ಹರಿಯಬಹುದು. ಆದಕಾರಣ ಒಂದು ತುಂಡು ಟೇಪಿನ ಆಯ್ಕೆಯನ್ನು ಅಲಕ್ಷ್ಯ ಮಾಡತಕ್ಕದ್ದಲ್ಲ.

ಅಚ್ಚುಗಳು ಎಲ್ಲಿ ಸೋರುತ್ತವೆ? ಸಾಮಾನ್ಯವಾಗಿ ಎರಡೇ ಸ್ಥಳಗಳಲ್ಲಿ. ಒಂದನೆಯದು, ಬತ್ತಿಯ ನೂಲು ಹೊರಗೆ ಬರುವ ಬುಡದ ರಂಧ್ರ. ಅಚ್ಚಿನಲ್ಲಿ ಬತ್ತಿಯು ತಲೆಕೆಳಗಾಗಿ ನಿಂತಿರುವುದರಿಂದ, ಅಚ್ಚಿನ ಬುಡವೇ ಮುಂದೆ ಬತ್ತಿಯ ತಲೆಯಾಗುವುದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಎರಡನೆಯದು, ಎರಡು ಹೋಳುಗಳನ್ನು ಜೋಡಿಸಿ ಮಾಡಿದ ಅಚ್ಚಿನ ಉದ್ದಕ್ಕೂ ಇರುವ ಸಂದು. ತವರದ ತಗಡನ್ನು ಮಡಚಿ ಬೆಸುಗೆ ಹಾಕಿದ ಹಳೆಯ ಅಚ್ಚುಗಳಲ್ಲಿ ಬೆಸುಗೆ ಬಿಟ್ಟ ಕಡೆಯಲ್ಲಿಯೂ ಸೋರುವುದುಂಟು. ಆದರೆ ಅದಕ್ಕೆ ಟೇಪಲ್ಲ, ಮರಳಿ ಬೆಸುಗೆಯೇ ಮದ್ದು. ರಬ್ಬರಿನಂತೆ ಬಾಗುವ ಸಿಲಿಕೋನ್ ಅಚ್ಚುಗಳ ಮಾತೇ ಬೇರೆ. ಅವುಗಳಿಗೆ ಸಾಮಾನ್ಯವಾದ ಯಾವ ಟೇಪೂ ಅಂಟದು. ಸೀಳಿದ ಪಕ್ಕವನ್ನು ರಬ್ಬರ್ ಬಳೆಗಳಿಂದ ಬಿಗಿದರೆ ಸಾಕಾಗುವುದು.

ಇನ್ನು ಶಾಖದ ಲೆಕ್ಕ. ಅಚ್ಚಿನ ಬತ್ತಿಗೆ ಉಪಯೋಗಿಸುವ ಪ್ಯಾರಫಿನ್ ಮೇಣವು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಜೇನುಮೇಣವು 62ರಿಂದ 64 ಡಿಗ್ರಿಯಲ್ಲಿ ಕರಗುವುದು. ಗಟ್ಟಿತನಕ್ಕಾಗಿ ಬೆರಸುವ ಸ್ಟಿಯರಿಕ್ ಆಮ್ಲವು ಶುದ್ಧವಾಗಿದ್ದರೆ 69 ಡಿಗ್ರಿಯ ವರೆಗೆ ತಡೆಯುವುದು. ಆದರೆ ಕರಗಿದ ಕೂಡಲೇ ಯಾರೂ ಎರೆಯುವುದಿಲ್ಲ. ಲೋಹದ ಅಚ್ಚಿನಲ್ಲಿ ಬತ್ತಿಯ ಮೈ ನುಣುಪಾಗಿ ಹೊಳೆಯಬೇಕಾದರೆ ಪ್ಯಾರಫಿನ್ನನ್ನು ಸುಮಾರು 80ರಿಂದ 90 ಡಿಗ್ರಿಗೆ ಕಾಯಿಸಿ ಎರೆಯಬೇಕು. ಕೆಲವರು ಅಚ್ಚನ್ನೂ ಮೊದಲೇ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳುವರು. ಹೀಗಿರುವಾಗ ಟೇಪಿನ ಮೇಲೆ ಬೀಳುವ ಶಾಖವು 90 ಡಿಗ್ರಿಯನ್ನು ಮೀರುವುದಿಲ್ಲ. ಅದು ಕ್ಷಣಮಾತ್ರದ್ದೂ ಅಲ್ಲ. ದಪ್ಪನೆಯ ಬತ್ತಿಯ ನಡುಭಾಗದ ಮೇಣವು ಗಂಟೆಗಟ್ಟಲೆ ಬಿಸಿಯಾಗಿಯೇ ಇರುವುದು.

ಈಗ ಮುಖ್ಯವಾದ ಮಾತಿಗೆ ಬರೋಣ. "ಲೋಹದ ಟೇಪು" ಎಂದೊಡನೆ ಅದು ಲೋಹವಾದುದರಿಂದ ಶಾಖಕ್ಕೆ ಅಂಜದೆಂದು ಕೊಳ್ಳುವವರು ಭಾವಿಸುವರು. ಅಲ್ಯುಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ನಮ್ಮ ಮೇಣದ ಶಾಖವು ಅದಕ್ಕೆ ಏನೂ ಅಲ್ಲ. ಆದರೆ ಅಚ್ಚಿಗೆ ಹಿಡಿದುಕೊಂಡಿರುವುದು ಅಲ್ಯುಮಿನಿಯಮ್ ಅಲ್ಲ, ಅದರ ಬೆನ್ನಿಗೆ ಬಳಿದ ಅಂಟು. ಟೇಪಿನ ಶಾಖಸಹನೆಯೆಂಬುದು ನಿಜವಾಗಿ ಆ ಅಂಟಿನ ಶಾಖಸಹನೆಯೇ. ಇದನ್ನು ಮರೆತು ಹೊಳಪನ್ನು ಮಾತ್ರ ನೋಡಿ ಕೊಂಡವರು ಮೋಸ ಹೋಗುವರು.

ಹಾಗಾದರೆ ಲೋಹವೇಕೆ ಬೇಕು, ಒಳ್ಳೆಯ ಅಂಟುಳ್ಳ ಕಾಗದವೋ ಬಟ್ಟೆಯೋ ಸಾಲದೇ ಎಂದು ಕೇಳಬಹುದು. ಸಾಲದು. ಬಣ್ಣಗಾರರು ಉಪಯೋಗಿಸುವ ನಿರಿಗೆಗಾಗದದ ಟೇಪನ್ನು ನೋಡಿರಿ. ಅಮೇರಿಕದ ರಿಚರ್ಡ್ ಡ್ರೂ ಎಂಬಾತನು 1925ರಲ್ಲಿ ಮೋಟಾರು ಗಾಡಿಗಳಿಗೆ ಎರಡು ಬಣ್ಣ ಹೊಡೆಯುವವರ ಅನುಕೂಲಕ್ಕಾಗಿ ಅದನ್ನು ಕಂಡುಹಿಡಿದನು. ಆ ಕೆಲಸಕ್ಕೆ ಅದು ಇಂದಿಗೂ ಯೋಗ್ಯವಾದುದೇ. ಆದರೆ ಬಿಸಿ ಮೇಣವು ತಗುಲಿದರೆ ಕಾಗದವು ಅದನ್ನು ಹೀರಿ, ಅಂಚಿನಿಂದ ಅಂಚಿಗೆ ನೆನೆದು, ಹೊರಗೆ ಒಸರುವುದು. ಬಟ್ಟೆಯ ಟೇಪಿನ ಮೇಲೆ ಇರುವ ಪಾಲಿಥೀನ್ ಪೊರೆಯು ಮೆತ್ತಗಾಗುವುದು, ಅದರ ಅಂಟು ಅದಕ್ಕಿಂತ ಮೊದಲೇ ಜಾರುವುದು. ವಿದ್ಯುತ್ ತಂತಿಗಳಿಗೆ ಸುತ್ತುವ ಕಪ್ಪು ಟೇಪು ಬಿಸಿಯಲ್ಲಿ ಹಿಗ್ಗಿ ಸಡಿಲಾಗುವುದು. ಪಾರದರ್ಶಕವಾದ ಪ್ಲಾಸ್ಟಿಕ್ ಟೇಪು ಮುದುರಿಕೊಳ್ಳುವುದು. ಅಲ್ಯುಮಿನಿಯಮ್ ಹಾಳೆಯಾದರೋ ಮೇಣವನ್ನು ಹೀರುವುದಿಲ್ಲ, ಹಿಗ್ಗುವುದಿಲ್ಲ, ಮುದುರುವುದಿಲ್ಲ. ಬೆರಳಿನಿಂದ ಒತ್ತಿದಂತೆ ಅಚ್ಚಿನ ಮೂಲೆಗೂ ಅಂಚಿಗೂ ಬಾಗಿ ಹಾಗೆಯೇ ನಿಲ್ಲುವುದು. ಇದಲ್ಲದೆ ಅದರಲ್ಲಿ ಇನ್ನೊಂದು ಗುಣವುಂಟು. ಅದು ಶಾಖವನ್ನು ಅತಿ ಬೇಗನೆ ಹರಿಯಗೊಡುವ ಲೋಹವಾದ ಕಾರಣ, ರಂಧ್ರದ ಬಾಯಿಗೆ ಬಂದ ಮೇಣದ ಹನಿಯು ಹಾಳೆಗೆ ತಗುಲಿದೊಡನೆ ತಣ್ಣಗಾಗಿ ಹೆಪ್ಪುಗಟ್ಟುವುದು. ಅಂದರೆ ಸೋರುವ ಮೇಣವೇ ತನ್ನ ದಾರಿಗೆ ತಾನೇ ಬಿರಡೆಯಾಗುವುದು. ಕಾಗದ, ಬಟ್ಟೆಗಳು ಶಾಖವನ್ನು ತಡೆಹಿಡಿದು ಮೇಣವನ್ನು ಬಹಳ ಹೊತ್ತು ದ್ರವವಾಗಿಯೇ ಇಡುವವು. "ಶಾಖವನ್ನು ತಡೆಯುವ" ಎಂಬ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುವಂಥದು. ನಮಗೆ ಬೇಕಾದುದು ಶಾಖವನ್ನು ತಾಳುವ ಅಂಟು, ಶಾಖವನ್ನು ಬೇಗನೆ ಬಿಟ್ಟುಕೊಡುವ ಬೆನ್ನು.

ಅಂಗಡಿಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಟೇಪುಗಳು ಹಲವು ಬಗೆಯವು ಇರುತ್ತವೆ. ಅವುಗಳಲ್ಲಿ ಕೆಲವು ಲೋಹವೇ ಅಲ್ಲ; ಪ್ಲಾಸ್ಟಿಕ್ ಪೊರೆಯ ಮೇಲೆ ಲೋಹದ ಅತಿ ತೆಳುವಾದ ಲೇಪವನ್ನು ಮಾಡಿರುತ್ತಾರೆ. ಇದನ್ನು ಗುರುತಿಸುವುದು ಕಷ್ಟವಲ್ಲ. ತುದಿಯನ್ನು ಮಡಚಿ ಉಗುರಿನಿಂದ ಗೀರಿ ಬಿಡಿರಿ. ನಿಜವಾದ ಲೋಹದ ಹಾಳೆಯಾದರೆ ಮಡಿಕೆಯು ಮಡಿಕೆಯಾಗಿಯೇ ನಿಲ್ಲುವುದು. ಪ್ಲಾಸ್ಟಿಕ್ಕಾದರೆ ಮೆಲ್ಲಗೆ ಬಿಚ್ಚಿಕೊಂಡು ಮೇಲೇಳುವುದು. ಎಳೆದು ನೋಡಿದರೂ ತಿಳಿಯುವುದು: ಲೋಹವು ಹಿಗ್ಗದೆ ಹರಿಯುವುದು, ಪ್ಲಾಸ್ಟಿಕ್ಕು ಹಿಗ್ಗಿ ಆಮೇಲೆ ಹರಿಯುವುದು. ಮತ್ತೊಂದು ಬಗೆಯಲ್ಲಿ ತೆಳುವಾದ ಅಲ್ಯುಮಿನಿಯಮ್ ಹಾಳೆಯ ಹಿಂದೆ ನೂಲಿನ ಬಲೆಯನ್ನೂ ಕಂದು ಕಾಗದವನ್ನೂ ಅಂಟಿಸಿರುತ್ತಾರೆ. ಗಾಳಿಯ ಕೊಳವೆಗಳಿಗೆ ಸುತ್ತಿದ ಹೊದಿಕೆಯನ್ನು ಜೋಡಿಸುವುದಕ್ಕೆ ಅದು ಬಲವಾದುದು, ನಮಗೆ ಬೇಡ. ಅದರ ಕತ್ತರಿಸಿದ ಅಂಚಿನಲ್ಲಿ ಕಾಗದವು ಬಯಲಾಗಿ ಮೇಣವನ್ನೂ ನೀರನ್ನೂ ಕುಡಿಯುವುದು. ಬಣ್ಣದ ಗಾಜಿನ ಕೆಲಸಕ್ಕೆ ಬರುವ ತಾಮ್ರದ ಟೇಪು ಕಾರ್ಯಕ್ಕೆ ಒದಗುವುದಾದರೂ, ಅದರ ಅಗಲ ಕಿರಿದು, ಬೆಲೆ ಹಿರಿದು. ಸೀಸದ ಟೇಪನ್ನು ಮಾತ್ರ ಮನೆಯೊಳಗೇ ತರಬಾರದು. ಸೀಸವು ವಿಷ, ನೂಲಿನ ನಡುವೆ ಸೀಸದ ತಂತಿಯನ್ನಿಟ್ಟು ಮಾಡಿದ ಬತ್ತಿಗಳನ್ನು ಅಮೇರಿಕ ದೇಶದಲ್ಲಿ 2003ರಲ್ಲಿ ನಿಷೇಧಿಸಿದುದೂ ಆ ಕಾರಣದಿಂದಲೇ. ಅಡಿಗೆಮನೆಯ ಅಲ್ಯುಮಿನಿಯಮ್ ಹಾಳೆಗೆ ಅಂಟು ಹಚ್ಚಿ ಸುಧಾರಿಸಿಕೊಳ್ಳೋಣವೆಂದರೆ ಅದು ಬಹಳ ತೆಳು, ಉಜ್ಜಿದರೆ ಹರಿಯುವುದು.

ಅಂತೂ ನಮಗೆ ಉಳಿಯುವುದು ಶುದ್ಧವಾದ ಅಲ್ಯುಮಿನಿಯಮ್ ಹಾಳೆಯ ಟೇಪು. ಹವಾನಿಯಂತ್ರಣದ ಯಂತ್ರಗಳನ್ನು ಕೂಡಿಸುವವರೂ ಶೀತಪೆಟ್ಟಿಗೆಗಳನ್ನು ದುರಸ್ತಿ ಮಾಡುವವರೂ ಇದನ್ನು ನಿತ್ಯ ಉಪಯೋಗಿಸುವುದರಿಂದ, ಅವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ "ಅಲ್ಯುಮಿನಿಯಮ್ ಫಾಯಿಲ್ ಟೇಪು" ಎಂದು ಕೇಳಿದರೆ ದೊರೆಯುವುದು. ಅಲಂಕಾರದ ಸಾಮಾನಿನ ಅಂಗಡಿಗೆ ಹೋಗುವುದು ಬೇಡ. ಹಾಳೆಯ ದಪ್ಪವು 0.04ರಿಂದ 0.05 ಮಿಲಿಮೀಟರ್ ಇರಲಿ. 0.03 ಮಿಲಿಮೀಟರಿನದು ಅಗ್ಗವಾದರೂ ಉಜ್ಜುವಾಗ ಸುಕ್ಕುಗಟ್ಟುವುದು. ಪ್ರತಿಯೊಂದು ಸುಕ್ಕೂ ಮೇಣಕ್ಕೆ ಒಂದೊಂದು ಕಾಲುವೆ. ಬಹಳ ದಪ್ಪನಾದುದು ಗುಂಡನೆಯ ಅಚ್ಚಿನ ಮೈಗೆ ಸರಿಯಾಗಿ ಬಾಗದೆ ಅಂಚಿನಲ್ಲಿ ಏಳುವುದು. ಅಗಲವು ಎರಡು ಅಂಗುಲದಷ್ಟಿದ್ದರೆ ರಂಧ್ರಕ್ಕೂ ಸಂದಿಗೂ ಒಂದೇ ಸುರುಳಿಯು ಸಾಕು.

ಅಂಟಿನಲ್ಲಿ ಮೂರು ಜಾತಿಗಳನ್ನು ತಿಳಿದಿರಬೇಕು. ರಬ್ಬರಿನಿಂದ ಮಾಡಿದ ಅಂಟು ಮುಟ್ಟಿದ ಕೂಡಲೇ ಗಟ್ಟಿಯಾಗಿ ಹಿಡಿಯುವುದರಿಂದ ಅಂಗಡಿಯಲ್ಲಿ ಬೆರಳಿಟ್ಟು ನೋಡುವವರಿಗೆ ಬಹಳ ಮೆಚ್ಚಿಗೆಯಾಗುವುದು. ಆದರೆ ಬಿಸಿಯಲ್ಲಿ ಅದು ಮೆತ್ತಗಾಗುವುದು. ಎಣ್ಣೆ, ಮೇಣಗಳು ಸೋಕಿದರೆ ಅದು ಇನ್ನಷ್ಟು ಕೆಡುವುದು. ಎರಡನೆಯದಾದ ಅಕ್ರಿಲಿಕ್ ಅಂಟು ಮೊದಲು ಅಷ್ಟು ಜಿಗುಟಾಗಿ ತೋರದು. ಒತ್ತಿ ಉಜ್ಜಿ ಬಿಟ್ಟರೆ ಗಂಟೆಯಿಂದ ಗಂಟೆಗೆ ಅದರ ಹಿಡಿತವು ಹೆಚ್ಚುತ್ತಾ ಹೋಗುವುದು. ಸಾಮಾನ್ಯವಾಗಿ ನೂರಿಪ್ಪತ್ತು ಡಿಗ್ರಿಯ ವರೆಗೆ ಅದನ್ನು ನಂಬಬಹುದು. ಮೂರನೆಯದು ಸಿಲಿಕೋನ್ ಅಂಟು. ಅದು ಇನ್ನೂರು ಡಿಗ್ರಿಯನ್ನೂ ದಾಟಿ ತಾಳುವುದು, ಬೆಲೆಯೂ ಅದಕ್ಕೆ ತಕ್ಕಂತೆ ಏರುವುದು. ತೊಂಭತ್ತು ಡಿಗ್ರಿಯನ್ನು ಮೀರದ ನಮ್ಮ ಕೆಲಸಕ್ಕೆ ಅದು ಅನಾವಶ್ಯಕವೆಂದೇ ನನ್ನ ಅಭಿಪ್ರಾಯ. ಗೃಹಕೃತ್ಯದಲ್ಲಿ ಬೇಕಾದುದಕ್ಕಿಂತ ಹೆಚ್ಚಿನ ಬಲಕ್ಕೆ ಹಣ ತೆರುವುದು ಮಿತವ್ಯಯವಲ್ಲ. ಅಕ್ರಿಲಿಕ್ ಅಂಟಿನದೇ ನಮಗೆ ತಕ್ಕದ್ದು.

ಸುರುಳಿಯ ಮೇಲಣ ಬರಹವನ್ನು ಓದುವಾಗ ಎರಡು ಎಚ್ಚರಿಕೆಗಳು. ಶಾಖವನ್ನು ಫಾರನ್‌ಹೀಟಿನಲ್ಲಿ ಬರೆದಿರುವರೋ ಸೆಂಟಿಗ್ರೇಡಿನಲ್ಲಿ ಬರೆದಿರುವರೋ ನೋಡಬೇಕು. 120 ಎಂಬ ಅಂಕವು ಸೆಂಟಿಗ್ರೇಡಾದರೆ ನಮಗೆ ಧಾರಾಳವಾಯಿತು; ಫಾರನ್‌ಹೀಟಾದರೆ ಅದು 49 ಸೆಂಟಿಗ್ರೇಡ್ ಮಾತ್ರ, ಮೇಣ ಕರಗುವುದಕ್ಕಿಂತಲೂ ಕಡಮೆ. 200 ಫಾರನ್‌ಹೀಟ್ ಎಂದರೆ 93 ಸೆಂಟಿಗ್ರೇಡ್. ಅದು ಅಂಚಿನಲ್ಲಿ ನಡೆದಂತೆ. ಎರಡನೆಯದಾಗಿ, ಕೆಲವು ಸುರುಳಿಗಳ ಮೇಲೆ ಅಲ್ಪಕಾಲ ತಾಳುವ ಶಾಖವನ್ನೂ ನಿರಂತರ ತಾಳುವ ಶಾಖವನ್ನೂ ಬೇರೆ ಬೇರೆಯಾಗಿ ಬರೆದಿರುತ್ತಾರೆ. ದೊಡ್ಡ ಅಂಕವು ಯಾವಾಗಲೂ ಅಲ್ಪಕಾಲದ್ದು. ನಾವು ನೋಡಬೇಕಾದುದು ನಿರಂತರದ ಅಂಕವನ್ನು. ಅದು 100 ಸೆಂಟಿಗ್ರೇಡಿಗಿಂತ ಕಡಮೆಯಿರಬಾರದು.

ಬರಹವೇ ಇಲ್ಲದ ಸುರುಳಿಯಾದರೆ ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಒಂದು ಎತ್ತರವಾದ ಸ್ಟೀಲು ಲೋಟವನ್ನು ಚೆನ್ನಾಗಿ ತೊಳೆದು ಒರಸಿ, ಒಂದಂಗುಲ ಅಗಲದ ಟೇಪಿನ ತುಂಡನ್ನು ಮೇಲಿನ ಒಂದಂಗುಲ ಮಾತ್ರ ಲೋಟದ ಹೊರಮೈಗೆ ಅಂಟುವಂತೆ ಒತ್ತಿರಿ. ಕೆಳಗೆ ಜೋಲುವ ಭಾಗದ ಅಂಟಿಗೆ ಕಾಗದವನ್ನು ಮೆತ್ತಿ, ತುದಿಗೆ ನೂರು ಗ್ರಾಂ ತೂಕವನ್ನು ಕಟ್ಟಿರಿ. ಲೋಟದ ಬುಡವು ಮೇಜಿನ ಅಂಚಿಗೆ ಸರಿಯಾಗಿ ಬರುವಂತೆ ಇಟ್ಟು, ಅದು ಉರುಳದಂತೆ ಭದ್ರಪಡಿಸಿ, ಆಗ ತಾನೇ ಕುದಿದ ನೀರನ್ನು ತುಂಬಿ ತಟ್ಟೆಯನ್ನು ಮುಚ್ಚಿರಿ. ಟೇಪಿನ ಮೇಲಂಚಿನಲ್ಲಿ ಮೊದಲೇ ಒಂದು ಗೆರೆಯನ್ನು ಹಾಕಿದ್ದರೆ ಅದು ಇಳಿಯುವುದೋ ಇಲ್ಲವೋ ತಿಳಿಯುವುದು. ಕಾಲು ಗಂಟೆಯೊಳಗೆ ಗೆರೆಯು ಕದಲದಿದ್ದರೆ ಆ ಅಂಟು ನಮ್ಮ ಕೆಲಸಕ್ಕೆ ಬರುವುದು. ಎರಡು ಅಂಗಡಿಗಳ ಟೇಪುಗಳನ್ನು ಒಂದೇ ಲೋಟಕ್ಕೆ ಅಕ್ಕಪಕ್ಕದಲ್ಲಿ ಅಂಟಿಸಿದರೆ ಹೋಲಿಕೆಯು ಇನ್ನೂ ಚೆನ್ನಾಗಿ ಕಾಣುವುದು. ವಿಜ್ಞಾನ ಓದುವ ಹುಡುಗಿಯರಿಗೆ ಇದು ಒಳ್ಳೆಯ ಪಾಠವೂ ಹೌದು. ಆದರೆ ಬಿಸಿ ನೀರನ್ನು ಹಿರಿಯರೇ ಹೊಯ್ಯಬೇಕು.

ನೂರು ಗ್ರಾಂ ತೂಕವನ್ನೇಕೆ ಹೇಳಿದೆನೆಂದರೆ, ಮೇಣವು ಟೇಪಿನ ಮೇಲೆ ಎಷ್ಟು ಭಾರ ಹಾಕುವುದೆಂಬುದನ್ನು ಲೆಕ್ಕ ಮಾಡಬಹುದು. ಕರಗಿದ ಪ್ಯಾರಫಿನ್ ಒಂದು ಘನ ಸೆಂಟಿಮೀಟರಿಗೆ ಸುಮಾರು 0.77 ಗ್ರಾಂ ತೂಗುವುದು. ಇಪ್ಪತ್ತು ಸೆಂಟಿಮೀಟರ್ ಎತ್ತರದ ಮೇಣವು ಬುಡದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 15 ಗ್ರಾಂ ಒತ್ತುವುದು. ನೂಲಿನ ರಂಧ್ರವು ಮೂರು ಮಿಲಿಮೀಟರ್ ಅಡ್ಡಗಲದ್ದಾದರೆ ಅದರ ಕ್ಷೇತ್ರಫಲವು ಒಂದು ಚದರ ಸೆಂಟಿಮೀಟರಿನ ನೂರರಲ್ಲಿ ಏಳು ಪಾಲು. ಅಲ್ಲಿ ಬೀಳುವ ಭಾರ ಬರೇ ಒಂದು ಗ್ರಾಂ! ಒಂದು ಗ್ರಾಮನ್ನು ಹೊರಲಾರದ ಟೇಪು ಯಾವುದು? ಹಾಗಾದರೆ ಬುಡದ ಟೇಪು ಸೋಲುವುದು ಭಾರಕ್ಕಲ್ಲವೆಂಬುದು ಸ್ಪಷ್ಟವಾಯಿತು. ಅದರ ಕಾರಣವನ್ನು ಮುಂದೆ ಹೇಳುವೆನು.

ಎರಡು ಹೋಳಿನ ಅಚ್ಚಿನ ಲೆಕ್ಕವೇ ಬೇರೆ. ಅಲ್ಲಿ ಮೇಣವು ಹೋಳುಗಳನ್ನು ಎರಡೂ ಕಡೆಗೆ ನೂಕುವುದು. ಎಂಟು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಎತ್ತರ ಎಂದರೆ 160 ಚದರ ಸೆಂಟಿಮೀಟರ್. ಮೇಲೆ ಸೊನ್ನೆ, ಬುಡದಲ್ಲಿ ಹದಿನೈದು, ಸರಾಸರಿ ಒತ್ತಡ ಏಳೂವರೆ ಗ್ರಾಮಿಗೆ ಸ್ವಲ್ಪ ಹೆಚ್ಚು. ಗುಣಿಸಿದರೆ ಒಂದು ಕಿಲೋಗ್ರಾಂ ಇನ್ನೂರು ಗ್ರಾಮಿಗೂ ಮಿಕ್ಕುವುದು. ಇಷ್ಟು ಭಾರವನ್ನು ಬಿಸಿಯಾದ ಅಂಟಿನ ಮೇಲೆ ಗಂಟೆಗಟ್ಟಲೆ ಹೊರಿಸಿದರೆ ಎಷ್ಟೇ ಒಳ್ಳೆಯ ಟೇಪಾದರೂ ಮೆಲ್ಲ ಮೆಲ್ಲನೆ ಜಾರುವುದು, ಸಂದು ಕೂದಲೆಳೆಯಷ್ಟು ಬಾಯಿಬಿಡುವುದು, ಮೇಣಕ್ಕೆ ಅಷ್ಟೇ ಸಾಕು. ಆದಕಾರಣ ಹೋಳುಗಳನ್ನು ಹಿಡಿದಿಡುವ ಕೆಲಸವನ್ನು ಟೇಪಿಗೆ ಎಂದಿಗೂ ಒಪ್ಪಿಸಬಾರದು. ಅಚ್ಚಿನ ತಿರುಪುಗಳು, ಹಿಡಿಕೆಗಳು, ಅವು ಇಲ್ಲದಿದ್ದರೆ ಮೂರು ಕಡೆ ಬಿಗಿದು ಕಟ್ಟಿದ ಸಣ್ಣ ಹುರಿ ಇವು ಆ ಭಾರವನ್ನು ಹೊರಲಿ. ಟೇಪು ಸಂದನ್ನು ಮುಚ್ಚಲಿ. ಮೊದಲು ಟೇಪು, ಅದರ ಮೇಲೆ ಹುರಿ ಎಂಬ ಕ್ರಮವನ್ನು ಇಟ್ಟುಕೊಂಡರೆ ಹುರಿಯು ಟೇಪನ್ನೂ ಒತ್ತಿ ಹಿಡಿಯುವುದು. ಮನೆಗಳಲ್ಲಿ ಕಾಣುವ ಸೋರುವಿಕೆಗಳಲ್ಲಿ ಬಹುಭಾಗವು ಈ ಒಂದು ಭೇದವನ್ನು ತಿಳಿಯದೆ ಆಗುವುದೆಂದು ನನಗೆ ತೋರುತ್ತದೆ.

ಇನ್ನು ಬುಡದ ರಂಧ್ರದಲ್ಲಿ ಟೇಪು ಸೋಲುವ ಕಾರಣ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಮೈಕೇಲ್ ಫ್ಯಾರಡೆಯು 1860ರ ಕ್ರಿಸ್ಮಸ್ ರಜೆಯಲ್ಲಿ ಆರಂಭಿಸಿ ಬಾಲಕ ಬಾಲಕಿಯರಿಗೆ ಮೇಣದ ಬತ್ತಿಯನ್ನು ಕುರಿತು ಆರು ಉಪನ್ಯಾಸಗಳನ್ನು ಕೊಟ್ಟನು. ಕರಗಿದ ಮೇಣವು ನೂಲನ್ನು ಹತ್ತಿ ಜ್ವಾಲೆಗೆ ಹೇಗೆ ಮುಟ್ಟುವುದೆಂಬುದನ್ನು ಅವುಗಳಲ್ಲಿ ವಿವರಿಸಿದನು. ಸೂಕ್ಷ್ಮವಾದ ಎಳೆಗಳ ನಡುವಣ ಸಂದುಗಳು ದ್ರವವನ್ನು ತಾವಾಗಿಯೇ ಎಳೆದುಕೊಳ್ಳುವವು. ಟವೆಲಿನ ಒಂದು ಮೂಲೆಯನ್ನು ನೀರಿಗೆ ಬಿಟ್ಟರೆ ಮೇಲಿನ ವರೆಗೂ ನೆನೆಯುವುದು ಇದೇ ಕಾರಣದಿಂದ. ಯಾವ ಗುಣದಿಂದ ಬತ್ತಿಯು ಉರಿಯುವುದೋ ಅದೇ ಗುಣವು ಅಚ್ಚಿನಲ್ಲಿ ನಮಗೆ ಪ್ರತಿಕೂಲವಾಗುವುದು. ರಂಧ್ರದಿಂದ ಹೊರಟ ನೂಲಿನ ತುದಿಯು ಟೇಪಿನ ಅಂಚನ್ನು ದಾಟಿ ಹೊರಗೆ ಬಂದಿದ್ದರೆ, ಮೇಣವು ಆ ನೂಲಿನೊಳಗಿನಿಂದಲೇ ನಡೆದು ಹೊರಗೆ ತೊಟ್ಟಿಕ್ಕುವುದು. ಟೇಪು ಎಷ್ಟು ಬಿಗಿಯಾಗಿದ್ದರೂ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರವೇನೆಂದರೆ, ನೂಲನ್ನು ಮೊದಲೇ ಕರಗಿದ ಮೇಣದಲ್ಲಿ ಅದ್ದಿ, ನೆಟ್ಟಗೆ ಎಳೆದು ಒಣಗಿಸಬೇಕು. ಎಳೆಗಳ ಸಂದುಗಳು ಮೇಣದಿಂದ ಮುಚ್ಚಿಹೋಗುವವು. ರಂಧ್ರದಿಂದ ಹೊರಗೆ ಬಂದ ತುದಿಯನ್ನು ಅರ್ಧ ಅಂಗುಲಕ್ಕೆ ಕತ್ತರಿಸಿ, ಅಚ್ಚಿನ ಬುಡಕ್ಕೆ ಚಪ್ಪಟೆಯಾಗಿ ಮಡಚಿ, ಅದರ ಮೇಲೆ ಎರಡಂಗುಲ ಚೌಕದ ಟೇಪನ್ನು ನೂಲಿನ ತುದಿಯು ನಾಲ್ಕೂ ಕಡೆಯಲ್ಲಿ ಒಳಗೇ ಉಳಿಯುವಂತೆ ಅಂಟಿಸಬೇಕು. ಅದರ ಮೇಲೆ ಅಡ್ಡವಾಗಿ ಎರಡನೆಯ ತುಂಡು. ಮಡಚಿದ ನೂಲಿನ ಎರಡು ಪಕ್ಕಗಳಲ್ಲಿ ಹಾಳೆಯು ಡೇರೆಯಂತೆ ಎದ್ದಿರುವುದು, ಅಲ್ಲಿಯೇ ಸೋರುವುದು. ಚಮಚದ ಬೆನ್ನಿನಿಂದ ಆ ಎರಡು ಸಾಲುಗಳನ್ನು ಚೆನ್ನಾಗಿ ಉಜ್ಜಿ ಕೂಡಿಸಬೇಕು. ಸಂದೇಹವಿದ್ದರೆ ರಂಧ್ರದ ಸುತ್ತಲೂ ಮೆತ್ತನೆಯ ಪುಟ್ಟಿಯನ್ನು ಬಟಾಣಿಯಷ್ಟು ಒತ್ತಿ ಆಮೇಲೆ ಟೇಪನ್ನು ಹಾಕಬಹುದು. ಮೈದಾ ಹಿಟ್ಟಿನ ಕಣಕವನ್ನು ಉಪಯೋಗಿಸುವವರೂ ಇದ್ದಾರೆ. ಅದರಲ್ಲಿ ನೀರಿನಂಶವಿರುವುದರಿಂದ ಬಿಸಿ ಮೇಣಕ್ಕೆ ಗುಳ್ಳೆ ಬರುವುದೆಂದು ನಾನು ಅದನ್ನು ಮೆಚ್ಚುವುದಿಲ್ಲ.

ಟೇಪು ಅಂಟುವ ಮೈಯು ಶುಚಿಯಾಗಿರಬೇಕೆಂಬುದನ್ನು ಹೇಳಲೇಬೇಕು. ಬತ್ತಿಯು ಸುಲಭವಾಗಿ ಬಿಡಲೆಂದು ಅಚ್ಚಿನ ಒಳಗೆ ಎಣ್ಣೆಯನ್ನು ಸವರುವಾಗ ಅದೇ ಕೈಯಿಂದ ಹೊರಗನ್ನೂ ಮುಟ್ಟುವುದು ಸಾಮಾನ್ಯ. ಎಣ್ಣೆಯ ಮೇಲೆ ಯಾವ ಅಂಟೂ ನಿಲ್ಲದು. ಆದುದರಿಂದ ಮೊದಲು ಹೊರಗೆ ಟೇಪು, ಆಮೇಲೆ ಒಳಗೆ ಎಣ್ಣೆ. ಹಿಂದಿನ ಸಾರಿಯ ಮೇಣವು ಬುಡದಲ್ಲಿ ಉಳಿದಿದ್ದರೆ ಅಚ್ಚನ್ನು ಬಿಸಿ ಮಾಡಿ ಬಟ್ಟೆಯಿಂದ ಒರಸಿ, ತಣ್ಣಗಾದ ಮೇಲೆ ಸ್ಪಿರಿಟ್ಟಿನಿಂದ ತೊಡೆಯಬೇಕು. ಸ್ಪಿರಿಟ್ಟು ಬೇಗನೆ ಹೊತ್ತಿಕೊಳ್ಳುವ ವಸ್ತು. ಒಲೆಯ ಹತ್ತಿರ ಬೇಡ. ಮಂಗಳೂರು, ಉಡುಪಿ ಮೊದಲಾದ ಕರಾವಳಿಯ ಊರುಗಳಲ್ಲಿ ಮಳೆಗಾಲದಲ್ಲಿ ತಣ್ಣನೆಯ ಲೋಹದ ಮೇಲೆ ಕಣ್ಣಿಗೆ ಕಾಣದ ತೇವವು ಕೂತಿರುವುದು. ಅಲ್ಲಿಯವರು ಅಚ್ಚನ್ನು ಸ್ವಲ್ಪ ಬೆಚ್ಚಗೆ ಮಾಡಿ ಒರಸಿ ಟೇಪನ್ನು ಹಾಕಿದರೆ ಒಳ್ಳೆಯದು. ಕೊಡಗಿನ ಚಳಿಯ ಬೆಳಗಿನಲ್ಲಿಯೂ ಹಾಗೆಯೇ. ಚಳಿಯಲ್ಲಿ ಅಂಟು ಬಿರುಸಾಗಿ ಲೋಹದ ಮೈಯನ್ನು ಪೂರ್ಣವಾಗಿ ತಬ್ಬುವುದಿಲ್ಲ. ಸಾಧ್ಯವಾದರೆ ಹಿಂದಿನ ದಿನ ಸಾಯಂಕಾಲವೇ ಟೇಪು ಹಾಕಿ ಮಾರನೆಯ ದಿನ ಎರೆಯಿರಿ. ಅಕ್ರಿಲಿಕ್ ಅಂಟಿಗೆ ಆ ಒಂದು ರಾತ್ರಿಯು ಬಹಳ ಉಪಕಾರ ಮಾಡುವುದು.

ಎರೆಯುವ ಮೊದಲು ಅಚ್ಚಿನಲ್ಲಿ ನೀರು ತುಂಬಿ ನೋಡಬಾರದೇ ಎಂದು ಕೇಳುವವರಿಗೆ ಒಂದು ಮಾತು. ನೀರಿಗಿಂತ ಕರಗಿದ ಮೇಣವು ಇನ್ನೂ ಸಣ್ಣ ಸಂದುಗಳಲ್ಲಿ ನುಗ್ಗಬಲ್ಲದು. ನೀರು ಸೋರಿದ ಅಚ್ಚಿನಲ್ಲಿ ಮೇಣವು ಖಂಡಿತವಾಗಿ ಸೋರುವುದು. ನೀರು ನಿಂತ ಅಚ್ಚಿನಲ್ಲಿ ಮೇಣವು ನಿಲ್ಲುವುದೆಂಬ ಭರವಸೆಯಿಲ್ಲ. ಒಳಗೆ ಉಳಿದ ನೀರಿನ ಹನಿಯು ಬತ್ತಿಯ ಮೈಯಲ್ಲಿ ಕುಳಿ ಮಾಡುವುದು, ನೂಲು ನೆನೆದರೆ ಬತ್ತಿಯು ಚಟಪಟನೆ ಸಿಡಿಯುವುದು. ಅದಕ್ಕಿಂತ ಈ ಉಪಾಯವು ಉತ್ತಮ: ಅಚ್ಚನ್ನು ತಣ್ಣನೆಯ ಕಲ್ಲುಚಪ್ಪಡಿಯ ಮೇಲೆ ಅಂಚುಳ್ಳ ಒಂದು ತಟ್ಟೆಯಲ್ಲಿ ನಿಲ್ಲಿಸಿ, ಮೊದಲು ಒಂದು ಸೆಂಟಿಮೀಟರಿನಷ್ಟು ಮಾತ್ರ ಮೇಣವನ್ನು ಹೊಯ್ಯಿರಿ. ಅದು ಹೆಪ್ಪುಗಟ್ಟುತ್ತಾ ಬಂದು, ಆದರೆ ಇನ್ನೂ ಮೆತ್ತಗಿರುವಾಗಲೇ ಉಳಿದುದನ್ನು ಹೊಯ್ಯಿರಿ. ಮೊದಲ ಪದರವೇ ರಂಧ್ರಕ್ಕೆ ಮುಚ್ಚಳವಾಗುವುದು. ಬತ್ತಿಯ ತಲೆಯ ಹತ್ತಿರ ತೆಳುವಾದ ಒಂದು ಗೆರೆಯು ಕಾಣಬಹುದು. ಬತ್ತಿ ಹಚ್ಚಿದ ಮೊದಲ ಸಾಯಂಕಾಲವೇ ಅದು ಉರಿದು ಹೋಗುವುದು. ತಟ್ಟೆಯಿದ್ದರೆ ಸೋರಿದರೂ ಮೇಣವು ಮೇಜನ್ನು ದಾಟದು.

ಬೇಗನೆ ತಣಿಯಲೆಂದು ಅಚ್ಚನ್ನು ನೀರಿನ ತೊಟ್ಟಿಯಲ್ಲಿ ಇಡುವವರು ಟೇಪಿನ ಅಂಚುಗಳನ್ನು ಇನ್ನೊಮ್ಮೆ ಉಜ್ಜಿ ನೋಡಲಿ. ಮೇಣವು ನೀರಿಗಿಂತ ಹಗುರವಾದುದರಿಂದ ಅಚ್ಚು ತೇಲಿ ವಾಲಬಹುದು. ಮೇಲೆ ಒಂದು ಭಾರವನ್ನಿಡಬೇಕು.

ಎರೆದ ಮೇಲೆ ಮೇಣದ ಮಟ್ಟವು ಇಳಿದುದನ್ನು ಕಂಡು ಕೆಲವರು ಸೋರಿತೆಂದು ಗಾಬರಿಗೊಳ್ಳುವರು. ನಿಜವಾಗಿ ಸೋರುವಾಗ ಇನ್ನು ಕೆಲವರು ಇದು ಸಹಜವೆಂದು ಸುಮ್ಮನಿರುವರು. ಪ್ಯಾರಫಿನ್ ಹೆಪ್ಪುಗಟ್ಟುವಾಗ ತನ್ನ ಗಾತ್ರದ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಕುಗ್ಗುವುದು ನಿಜ. ಆದರೆ ಆ ಕುಗ್ಗುವಿಕೆಯು ನಿಧಾನವಾಗಿ, ಮೇಲೆ ಕೆನೆಯಂತೆ ಪೊರೆ ಕಟ್ಟಿದ ಮೇಲೆ, ನೂಲಿನ ಸುತ್ತಲೂ ಗುಣಿಯಾಗಿ ಕಾಣಿಸುವುದು. ಅದಕ್ಕೆ ಎರಡನೆಯ ಸಲ ಮೇಣ ಹೊಯ್ದು ತುಂಬಿಸುವುದುಂಟು. ಪೊರೆ ಕಟ್ಟುವ ಮೊದಲೇ, ಇಡೀ ಮಟ್ಟವು ಸಮವಾಗಿ ಇಳಿದು ಅಚ್ಚಿನ ಪಕ್ಕದಲ್ಲಿ ಗೆರೆ ಬಿಟ್ಟರೆ ಅದು ಸೋರುವಿಕೆಯೇ. ಆಗ ಬಿಸಿ ಅಚ್ಚನ್ನು ಎತ್ತಿ ಬುಡ ನೋಡಬಾರದು, ಹೊಸ ಟೇಪನ್ನು ಅಂಟಿಸಲು ಹೋಗಬಾರದು; ಮೇಣ ಹತ್ತಿದ ಮೈಗೆ ಅದು ಅಂಟದು. ತಣ್ಣೀರಿನಲ್ಲಿ ಹಿಂಡಿದ ದಪ್ಪ ಬಟ್ಟೆಯನ್ನು ಉದ್ದನೆಯ ಸೌಟಿನಿಂದ ಬುಡದ ಸುತ್ತಲೂ ಒತ್ತಿದರೆ ಸೋರುವ ಜಾಗದಲ್ಲಿ ಮೇಣವು ಹೆಪ್ಪುಗಟ್ಟಿ ನಿಲ್ಲುವುದು.

ಮೈಮೇಲೆ ಬಿಸಿ ಮೇಣ ಬಿದ್ದರೆ ಕೂಡಲೇ ನಲ್ಲಿಯ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಅಂಟಿದ ಮೇಣವನ್ನು ಕಿತ್ತರೆ ಚರ್ಮವೂ ಬರುವುದು, ಕೀಳಕೂಡದು. ಗುಳ್ಳೆಯೆದ್ದರೆ ವೈದ್ಯರಿಗೆ ತೋರಿಸಬೇಕು. ಮೇಣವನ್ನು ಕಾಯಿಸುವುದು ಯಾವಾಗಲೂ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟೇ. ನೇರವಾಗಿ ಉರಿಯ ಮೇಲೆ ಇಟ್ಟ ಮೇಣವು ಸುಮಾರು 200 ಡಿಗ್ರಿ ಮುಟ್ಟಿದರೆ ಅದರ ಆವಿಯು ಹೊತ್ತಿಕೊಳ್ಳುವುದು. ಹೊತ್ತಿಕೊಂಡರೆ ಒಲೆಯನ್ನು ಆರಿಸಿ ಮುಚ್ಚಳವನ್ನು ಮುಚ್ಚಬೇಕು, ನೀರನ್ನು ಹೊಯ್ದರೆ ಉರಿಯುವ ಮೇಣವು ನಾಲ್ಕೂ ಕಡೆಗೆ ಸಿಡಿಯುವುದು.

ಬತ್ತಿಯು ಪೂರ್ಣವಾಗಿ ತಣ್ಣಗಾದ ಮೇಲೆ ಟೇಪನ್ನು ಅಚ್ಚಿನ ಮೈಗೆ ಸಮಾನವಾಗಿ ಹಿಂದಕ್ಕೆ ಮಡಚಿ ಮೆಲ್ಲನೆ ಸುಲಿಯಬೇಕು. ಮೇಲಕ್ಕೆ ಎಳೆದರೆ ಹಾಳೆಯು ಹರಿದು ಅಂಟು ಅಚ್ಚಿನಲ್ಲಿಯೇ ಉಳಿಯುವುದು. ಉಳಿದ ಅಂಟಿಗೆ ನೀಲಗಿರಿ ಎಣ್ಣೆಯನ್ನು ಹತ್ತಿಯಲ್ಲಿ ಸವರಿ ಐದು ನಿಮಿಷ ಬಿಟ್ಟು ಒರಸಿದರೆ ಬಿಟ್ಟುಕೊಳ್ಳುವುದು. ಆಮೇಲೆ ಸಾಬೂನು ನೀರಿನಿಂದ ಆ ಎಣ್ಣೆಯನ್ನು ತೊಳೆಯದಿದ್ದರೆ ಮುಂದಿನ ಸಲ ಟೇಪು ನಿಲ್ಲದು. ಒಂದು ಸಲ ಸುಲಿದ ಟೇಪನ್ನು ಮರಳಿ ಉಪಯೋಗಿಸಬಾರದು. ಸುರುಳಿಯನ್ನು ಒಲೆಯ ಹತ್ತಿರದ ಕಪಾಟಿನಲ್ಲಿಡದೆ, ಧೂಳು ಅಂಚಿಗೆ ಹತ್ತದಂತೆ ಚೀಲದಲ್ಲಿ ಕಟ್ಟಿ, ತಣ್ಣನೆಯ ಸ್ಥಳದಲ್ಲಿ ನೆಟ್ಟಗೆ ಅಲ್ಲ, ಮಲಗಿಸಿ ಇಡಿರಿ. ಕೊಂಡ ತಿಂಗಳನ್ನೂ ವರ್ಷವನ್ನೂ ಒಳಗಣ ರಟ್ಟಿನ ಮೇಲೆ ಬರೆದಿಟ್ಟರೆ, ಹಳೆಯ ಸುರುಳಿಯನ್ನು ಉಪಯೋಗಿಸುವ ಮೊದಲು ಲೋಟದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕೋ ಬೇಡವೋ ಎಂಬುದು ತಿಳಿಯುವುದು.